ಡೈರಿಯಲ್ಲಿ ಬರೆದಿಟ್ಟ ಎರಡು ಅಂಕಿ

ಕಳೆದ ಭಾನುವಾರ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಸಿ ಹಳೆಯ ಕಾಗದಪತ್ರ ವಿಂಗಡಿಸುತ್ತಿದ್ದೆ. ಆರನೇ ತರಗತಿಯ ನನ್ನ ಮೊಮ್ಮಗಳು ಪುಟ್ಟಿ ಪಕ್ಕದಲ್ಲಿ ಕುಳಿತು ಸಹಾಯ ಮಾಡುತ್ತಿದ್ದಳು. ಸಹಾಯ ಎಂದರೆ, ನಾನು ಜೋಡಿಸಿಟ್ಟದ್ದನ್ನೆಲ್ಲ ಮತ್ತೆ ಹರಡುವುದು! ಅಷ್ಟರಲ್ಲಿ ಅವಳ ಕೈಗೆ ಬ್ಯಾಂಕಿನವರು ಕೊಟ್ಟಿದ್ದ ಒಂದು ಹಳೆಯ ಡೈರಿ ಸಿಕ್ಕಿತು.

"ತಾತ, ಇದು ಯಾವ ಮ್ಯಾಚಿನ ಸ್ಕೋರು?" ಎನ್ನುತ್ತ ಓದತೊಡಗಿದಳು. "148/96, 144/92, 150/98... ಅಯ್ಯೋ, ಒಂದು ಟೀಮಿನಲ್ಲಿ ತೊಂಬತ್ತೆಂಟು ವಿಕೆಟ್ ಹೇಗೆ ಬೀಳುತ್ತೆ?"

ನಾನು ಜೋರಾಗಿ ನಕ್ಕೆ. ಆದರೆ ಡೈರಿ ಕೈಗೆ ತೆಗೆದುಕೊಂಡಾಗ ನಗು ತಾನಾಗಿ ನಿಂತಿತು.

"ಅದು ಕ್ರಿಕೆಟ್ ಅಲ್ಲ ಕಣೇ. ನಿಮ್ಮಮ್ಮನ ರಕ್ತದೊತ್ತಡ. ನೀನು ಹುಟ್ಟಿದ ಮೇಲೆ ಆರು ವಾರ ನಾನೇ ಬರೆದಿಟ್ಟ ಲೆಕ್ಕ" ಎಂದೆ.

"ನಾನು ಹುಟ್ಟಿದ್ದಕ್ಕೆ ಅಮ್ಮನಿಗೆ ಯಾಕೆ ಲೆಕ್ಕ?" ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಾನು ಡಾಕ್ಟರಲ್ಲ. ಬಿ.ಕಾಂ. ಓದಿ ಜೀವನವಿಡೀ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಂಕಿಗಳನ್ನು ಕಂಡರೆ ನನಗೆ ಭಯವಿಲ್ಲ ಎಂದುಕೊಂಡಿದ್ದೆ. ಈ ಎರಡು ಅಂಕಿಗಳು ಮಾತ್ರ ನನ್ನನ್ನು ನಡುಗಿಸಿಬಿಟ್ಟವು.

ಕುದುರೆಯಿಂದ ಆರಂಭವಾದ ಕಥೆ

ಮೊದಲು ಆ ಅಂಕಿಗಳ ವಿಷಯ. ನಮ್ಮ ಹೃದಯ ಒಂದು ಪಂಪು. ಅದು ರಕ್ತವನ್ನು ತಳ್ಳಿದಾಗ ರಕ್ತನಾಳದ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಅದನ್ನು ಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಅವರು ಒಂದು ಕುದುರೆಯ ರಕ್ತನಾಳಕ್ಕೆ ಹಿತ್ತಾಳೆಯ ಕೊಳವೆ ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದರು. ರಕ್ತ ಎಂಟು ಅಡಿಗಿಂತ ಎತ್ತರ ಏರಿತು! ನಮ್ಮ ಮನೆಯ ಬಾಗಿಲಿಗಿಂತ ಎತ್ತರ. ಈ ಪ್ರಯೋಗವನ್ನು ಅವರು 1733ರಲ್ಲಿ ಪ್ರಕಟಿಸಿದರು.

ಮನುಷ್ಯರಿಗೆ ಹಾಗೆಲ್ಲ ಮಾಡಲಾಗದಲ್ಲ? 1896ರಲ್ಲಿ ಇಟಲಿಯ ರಿವಾ-ರೋಚಿ ಎಂಬ ವೈದ್ಯರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿ ಪಾದರಸದ ಕಂಬದಲ್ಲಿ ಅಳೆಯುವ ಉಪಕರಣ ಮಾಡಿದರು. 1905ರಲ್ಲಿ ರಷ್ಯಾದ ಕೊರಟ್ಕಾಫ್ ಎಂಬ ಶಸ್ತ್ರವೈದ್ಯರು, ಪಟ್ಟಿಯ ಕೆಳಗೆ ಸ್ಟೆಥಾಸ್ಕೋಪ್ ಇಟ್ಟು ಕೇಳಿದರೆ ಎರಡು ಅಂಕಿಗಳೂ ಸಿಗುತ್ತವೆ ಎಂದು ತೋರಿಸಿದರು. ಪಟ್ಟಿ ಬಿಗಿಯಾಗಿದ್ದಾಗ ಸದ್ದಿಲ್ಲ. ಗಾಳಿ ಬಿಡುತ್ತಾ ಬಂದಂತೆ 'ಟಪ್ ಟಪ್' ಎಂಬ ಸದ್ದು ಶುರುವಾಗುತ್ತದೆ. ಅದು ಮೇಲಿನ ಅಂಕಿ. ಸದ್ದು ಮಾಯವಾದ ಜಾಗ ಕೆಳಗಿನ ಅಂಕಿ.

ಗರ್ಭಿಣಿಗೆ 140/90 ಎಂಬುದು ಲಕ್ಷ್ಮಣರೇಖೆ. ಮೇಲಿನದಾಗಲಿ ಕೆಳಗಿನದಾಗಲಿ ಆ ಗೆರೆ ಮುಟ್ಟಿತೆಂದರೆ ಡಾಕ್ಟರಿಗೆ ತೋರಿಸಬೇಕು. 160/110 ಮುಟ್ಟಿದರೆ ಅದು ತುರ್ತು, ತಡಮಾಡುವಂತಿಲ್ಲ.

ಜಾರದ ಬಳೆ

ನನ್ನ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಏಳನೇ ತಿಂಗಳಲ್ಲಿ ಸೀಮಂತ ಮಾಡಿದೆವು. ಕೈತುಂಬ ತೊಡಿಸಿದ ಹಸಿರು ಗಾಜಿನ ಬಳೆಗಳು ಕೈ ಎತ್ತಿದರೆ ಮೊಣಕೈ ಹತ್ತಿರಕ್ಕೆ ಜಾರುತ್ತಿದ್ದವು. ನಾನು ಹೊಸದಾಗಿ ನಿವೃತ್ತನಾಗಿದ್ದೆ. ಮನೆಯಲ್ಲಿ ಕುಳಿತು ಎಲ್ಲರಿಗೂ ಬುದ್ಧಿ ಹೇಳುವುದೇ ನನ್ನ ಕೆಲಸವಾಗಿತ್ತು.

ಎಂಟನೇ ತಿಂಗಳಲ್ಲಿ ಕಾಲು ಊದಿಕೊಂಡವು. "ಬಸುರಿಗೆ ಕಾಲು ಊದದೆ ಇನ್ಯಾರಿಗೆ ಊದುತ್ತೆ?" ಎಂದಿತು ನೆರೆಹೊರೆ. ಕಾಲು ಸ್ವಲ್ಪ ಊದುವುದು ಎಷ್ಟೋ ಬಸುರಿಯರಿಗೆ ಸಹಜವೇ. ಒಂದು ದಿನ ಬೆಳಿಗ್ಗೆ ಮಗಳು ಹಣೆ ಹಿಡಿದುಕೊಂಡು, "ಅಪ್ಪಾ, ನಿನ್ನೆಯಿಂದ ತಲೆ ಸಿಡಿದು ಹೋಗ್ತಿದೆ" ಎಂದಳು.

ನಾನು ಏನು ಹೇಳಿದೆ ಗೊತ್ತೇ? "ಇಡೀ ದಿನ ಫೋನು ನೋಡ್ತಾ ಇದ್ರೆ ಇನ್ನೇನಾಗುತ್ತೆ? ಬಿಸಿ ಕಾಫಿ ಕುಡಿದು, ಮುಲಾಮು ಹಚ್ಕೊಂಡು ಮಲಗು."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸಂಜೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬಂದರು. ತಾಯಿ ಕಾರ್ಡ್ ನೋಡಲು ಬಂದವರು ಮೊದಲು ನೋಡಿದ್ದು ಮಗಳ ಕೈ. "ಅಕ್ಕಾ, ಸೀಮಂತದ ದಿನ ಈ ಬಳೆ ಮೊಣಕೈವರೆಗೂ ಜಾರ್ತಾ ಇತ್ತಲ್ಲ? ಈಗ ಅಲ್ಲಾಡ್ತಾನೇ ಇಲ್ಲ" ಎಂದರು. ಆಮೇಲೆ ಮುಖ ನೋಡಿದರು. ರೆಪ್ಪೆ ಊದಿತ್ತು. "ತಲೆನೋವು ಇದೆಯಾ? ಕಣ್ಣು ಮಂಜಾಗುತ್ತಾ?" ಎಂದು ಕೇಳಿದರು. ಮಗಳು ಅತ್ತೇ ಬಿಟ್ಟಳು. ಬೆಳಿಗ್ಗೆಯಿಂದ ಕಣ್ಣ ಮುಂದೆ ಚುಕ್ಕೆ ಚುಕ್ಕೆ ಮಿನುಗುತ್ತಿತ್ತಂತೆ. ನಾನು ಗದರುತ್ತೇನೆಂದು ಹೇಳಿರಲಿಲ್ಲ.

ಕಾಲಿನ ಊತಕ್ಕಿಂತ ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದುವುದು ಹೆಚ್ಚು ಎಚ್ಚರಿಕೆಯ ಮಾತು. ನನಗೆ ಅದು ಗೊತ್ತಿರಲಿಲ್ಲ. ಆ ಹೆಣ್ಣುಮಗಳಿಗೆ ಗೊತ್ತಿತ್ತು.

ಅರ್ಧ ಗಂಟೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೆವು. ಅಲ್ಲಿನ ನರ್ಸ್ ಅಳೆದಾಗ 164/112. ಮೂತ್ರಕ್ಕೆ ಅದ್ದಿದ ಸಣ್ಣ ಕಾಗದದ ಪಟ್ಟಿ ಹಳದಿಯಿಂದ ಹಸಿರಿಗೆ ತಿರುಗಿತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂದರ್ಥ. ಡಾಕ್ಟರು ಒತ್ತಡ ಇಳಿಸುವ ಮಾತ್ರೆ ಕೊಟ್ಟರು. ನರ್ಸ್ ಮೆಗ್ನೀಸಿಯಂ ಸಲ್ಫೇಟ್ ಎಂಬ ಚುಚ್ಚುಮದ್ದನ್ನು ಎರಡೂ ಪೃಷ್ಠಗಳಿಗೆ ಕೊಟ್ಟು, 108 ಆಂಬುಲೆನ್ಸ್ ಕರೆಸಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಇದು ಒತ್ತಡದ ಮದ್ದಲ್ಲ, ಫಿಟ್ಸ್ ಬಾರದಂತೆ ತಡೆಯುವ ಮದ್ದು. 33 ದೇಶಗಳ ಸುಮಾರು 10,000 ಗರ್ಭಿಣಿಯರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು, ಇದನ್ನು ಕೊಟ್ಟರೆ ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು 2002ರಲ್ಲಿ ತೋರಿಸಿತು. ಔಷಧಿಯೇನೂ ದುಬಾರಿಯಲ್ಲ. ಸಮಯಕ್ಕೆ ಕೊಡುವ ಕೈ ಬೇಕು, ಅಷ್ಟೆ.

ರಾತ್ರಿಯಿಡೀ ಬರೆಯುತ್ತಿದ್ದ ಸಿಸ್ಟರ್

ದೊಡ್ಡಾಸ್ಪತ್ರೆಯಲ್ಲಿ ಮಗಳನ್ನು ವಿಶೇಷ ನಿಗಾ ಕೊಠಡಿಗೆ ಸೇರಿಸಿದರು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ನನ್ನಾಕೆ ಒಳಗಿದ್ದಳು. ನಾನು ಹೊರಗಿನ ಬೆಂಚಿನ ಮೇಲೆ. ಬಾಗಿಲಿನ ಗಾಜಿನಿಂದ ಮಂಚದ ಒಂದು ಭಾಗ ಕಾಣುತ್ತಿತ್ತು.

ರಾತ್ರಿ ಪಾಳಿಯ ಸಿಸ್ಟರಿಗೆ ನಲವತ್ತರ ಆಸುಪಾಸು. ಅವರು ಮೊದಲು ಮಾಡಿದ್ದು ದೊಡ್ಡ ದೀಪ ಆರಿಸಿದ್ದು. ಮಗಳನ್ನು ಎಡಮಗ್ಗುಲಿಗೆ ಮಲಗಿಸಿ ಬೆನ್ನಿಗೆ ದಿಂಬು ಕೊಟ್ಟರು. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಮಗ್ಗುಲಾದರೆ ಮಗುವಿಗೆ ರಕ್ತ ಸರಾಗವಾಗಿ ಹೋಗುತ್ತದೆ. ಫಿಟ್ಸ್ ಬಂದರೆ ಬೀಳದಿರಲಿ ಎಂದು ಮಂಚದ ಎರಡೂ ಬದಿಯ ಕಂಬಿ ಏರಿಸಿದರು. ಆಮ್ಲಜನಕ, ಗಂಟಲಿನ ದ್ರವ ಎಳೆಯುವ ಯಂತ್ರ ಎಲ್ಲ ಕೈಗೆಟುಕುವಂತಿದ್ದವು. ಗಲಾಟೆ ಮಾಡಬೇಡಿ ಎಂದು ನನ್ನಾಕೆಗೂ ಪಿಸುದನಿಯಲ್ಲೇ ಹೇಳಿದರು.

ಆಮೇಲೆ ಬರೆಯಲು ಶುರು ಮಾಡಿದರು. ಮೊದಲು ಕಾಲು ಗಂಟೆಗೊಮ್ಮೆ, ಒತ್ತಡ ಇಳಿದ ಮೇಲೆ ಗಂಟೆಗೊಮ್ಮೆ. ಬೆಳಗಿನ ಜಾವ ಹೊರಗೆ ಬಂದಾಗ ನಾನು ತಡೆಯಲಾರದೆ ಕೇಳಿದೆ: "ಸಿಸ್ಟರ್, ರಾತ್ರಿಯಿಡೀ ಏನು ಬರೀತಾ ಇದ್ರಿ?"

"ಜಮಾ-ಖರ್ಚು, ಯಜಮಾನ್ರೇ" ಎಂದು ನಕ್ಕರು. ನಾನು ಬ್ಯಾಂಕಿನವನೆಂದು ನನ್ನಾಕೆ ಹೇಳಿದ್ದಳಂತೆ. ಚಾರ್ಟ್ ತೋರಿಸಿದರು. ಡ್ರಿಪ್ ಮೂಲಕ ಒಳಗೆ ಹೋದ ನೀರೆಷ್ಟು, ಚೀಲಕ್ಕೆ ಬಂದ ಮೂತ್ರವೆಷ್ಟು. ಒತ್ತಡ, ನಾಡಿ, ನಿಮಿಷಕ್ಕೆ ಎಷ್ಟು ಉಸಿರು, ಮಗುವಿನ ಎದೆಬಡಿತ. ಅದು ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು. ತಲೆನೋವು ಹೇಗಿದೆ, ಕಣ್ಣು ಕಾಣುತ್ತದೆಯೇ, ಪಕ್ಕೆಲುಬಿನ ಕೆಳಗೆ ಬಲಗಡೆ ನೋವಿದೆಯೇ ಎಂಬ ಪ್ರಶ್ನೆಗಳಿಗೂ ಒಂದೊಂದು ಕಾಲಂ. ನಮ್ಮ ಡೇ ಬುಕ್ಕಿನಷ್ಟೇ ಅಚ್ಚುಕಟ್ಟು. ಒಂದು ಚಿತ್ತಿಲ್ಲ.

ಕೈಯಲ್ಲೊಂದು ಪುಟ್ಟ ರಬ್ಬರ್ ಸುತ್ತಿಗೆ ಇತ್ತು. ಅದರಿಂದ ಮಂಡಿಯ ಕೆಳಗೆ ಮೆಲ್ಲಗೆ ತಟ್ಟಿದರೆ ಕಾಲು ತಾನಾಗಿ ಪುಟಿಯಬೇಕು. ಮಕ್ಕಳೇ, ನೀವೂ ಕಾಲು ಇಳಿಬಿಟ್ಟು ಕುಳಿತು ಅಂಗೈ ಅಂಚಿನಿಂದ ಮೆಲ್ಲಗೆ ತಟ್ಟಿ ನೋಡಿ, ತಮಾಷೆಯಾಗಿರುತ್ತದೆ. ಆದರೆ ಅಲ್ಲಿ ಅದು ತಮಾಷೆಯಲ್ಲ. ಮೆಗ್ನೀಸಿಯಂ ರಕ್ತದಲ್ಲಿ ಹೆಚ್ಚಾದರೆ ಮೊದಲು ಕಾಲು ಪುಟಿಯುವುದು ನಿಲ್ಲುತ್ತದೆ, ಆಮೇಲೆ ಉಸಿರು ಕ್ಷೀಣಿಸುತ್ತದೆ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ ಕೊಡುವ ಪ್ರತಿ ಚುಚ್ಚುಮದ್ದಿಗೂ ಮೊದಲು ಮೂರು ಲೆಕ್ಕ ಹೊಂದಬೇಕು: ಕಾಲು ಪುಟಿಯಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇರಬಾರದು, ಮೂತ್ರ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಇರಬಾರದು.

"ಎರಡು ಗಂಟೆಯ ಡೋಸ್ ಕೊಡಲಿಲ್ಲ" ಎಂದರು ಸಿಸ್ಟರ್. ನನ್ನ ಎದೆ ಧಸಕ್ಕೆಂದಿತು. "ನಾಲ್ಕು ಗಂಟೆಯಲ್ಲಿ 80 ಮಿಲಿ ಮೂತ್ರ ಬಂದಿತ್ತು, ಅಷ್ಟೆ. ಮೂತ್ರದಲ್ಲಿ ಹೊರಗೆ ಹೋಗಬೇಕಾದ ಮದ್ದು ಒಳಗೇ ಉಳಿದರೆ ವಿಷವಾಗುತ್ತೆ. ಡಾಕ್ಟರನ್ನ ಎಬ್ಬಿಸಿದೆ. ತಡೆಹಿಡಿಯೋಣ ಅಂದ್ರು. ಈಗ ಮೂತ್ರ ಚೆನ್ನಾಗಿ ಬರ್ತಿದೆ, ಮುಂದಿನದು ಕೊಡ್ತೀವಿ." ಅದಕ್ಕೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್ ಸೀಸೆ ರಾತ್ರಿಯೆಲ್ಲ ಮಗಳ ತಲೆದೆಸೆಯ ಟ್ರೇಯಲ್ಲೇ ಇತ್ತಂತೆ.

ಸಹಿ ಹೊಂದದಿದ್ದರೆ ಚೆಕ್ ಪಾಸು ಮಾಡಬಾರದು ಎಂಬುದು ನಮ್ಮ ನಿಯಮ. ತಪ್ಪಾದರೆ ಹಣ ಹೋಗುತ್ತಿತ್ತು. ಇಲ್ಲಿ ತಪ್ಪಾದರೆ ಎರಡು ಜೀವ.

ಸಿಸ್ಟರ್ ಕೇಳಿದ ಪ್ರಶ್ನೆ

ಹೋಗುವ ಮೊದಲು ಅವರೊಂದು ಪ್ರಶ್ನೆ ಕೇಳಿದರು: "ನಿಮ್ಮ ಮನೆತನದಲ್ಲಿ ಯಾರಿಗಾದರೂ ಬಸುರಿಯಲ್ಲಿ ಬಿ.ಪಿ. ಇತ್ತಾ? ಫಿಟ್ಸ್ ಬಂದಿತ್ತಾ?"

"ಇಲ್ಲ" ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಐವತ್ತು ವರ್ಷದಿಂದ ಯಾರೊಡನೆಯೂ ಆಡದ ಮಾತು ಗಂಟಲಿಗೆ ಬಂತು.

ನನ್ನ ಅಕ್ಕ 1962ರಲ್ಲಿ ಚೊಚ್ಚಲ ಹೆರಿಗೆಗೆ ಊರಿಗೆ ಬಂದಿದ್ದಳು. ಅವಳಿಗೆ ಹತ್ತೊಂಬತ್ತು, ನನಗೆ ಹತ್ತು. ಅವಳಿಗೂ ಮುಖ ಊದಿತ್ತು. "ಕಳೆ ಬಂದಿದೆ" ಎಂದು ದೃಷ್ಟಿ ತೆಗೆದರು. ಎರಡು ದಿನ ತಲೆನೋವೆಂದು ಕತ್ತಲೆ ಕೋಣೆಯಲ್ಲಿ ಮಲಗಿದ್ದಳು. ಮೂರನೆಯ ದಿನ ಸೆಟೆದುಕೊಂಡಳು. ಸನ್ನಿ ಎಂದರು, ಗಾಳಿ ಎಂದರು. ಕೈಗೆ ಕಬ್ಬಿಣದ ಬೀಗದಕೈ ಕೊಟ್ಟರು. ಮಂತ್ರಿಸುವವರು ಬಂದು ಹೋದ ಮೇಲೆ ಎತ್ತಿನ ಗಾಡಿ ಕಟ್ಟಿದರು. ಅಕ್ಕನೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಸಿಸ್ಟರ್ ನನ್ನ ಪಕ್ಕ ಬೆಂಚಿನ ಮೇಲೆ ಕುಳಿತರು. "ಅದು ಗಾಳಿಯಲ್ಲ ಯಜಮಾನ್ರೇ. ನಿಮ್ಮ ಮಗಳಿಗೆ ಬಂದಿರೋದೇ ನಿಮ್ಮಕ್ಕನಿಗೂ ಬಂದಿರಬೇಕು" ಎಂದರು. ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಹೊಟ್ಟೆಯಲ್ಲಿರುವ ಮಗುವಿಗೆ ಅನ್ನ, ಗಾಳಿ ಎಲ್ಲ ಮಾಸುವಿನ ಮೂಲಕ ಹೋಗಬೇಕು. ಮಾಸು ಬೇರೂರುವಾಗ ಗರ್ಭಕೋಶದ ರಕ್ತನಾಳಗಳು ಅಗಲವಾಗಬೇಕು, ತೋಟಕ್ಕೆ ನೀರು ಬಿಡುವ ಮೊದಲು ಕಾಲುವೆ ಅಗಲ ಮಾಡಿದಂತೆ. ಕೆಲವರಲ್ಲಿ ಅವು ಅಗಲವಾಗುವುದಿಲ್ಲ. ರಕ್ತ ಸಾಲದ ಮಾಸು ಕೆಲವು ವಸ್ತುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ದೇಹದ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಒತ್ತಡ ಏರುತ್ತದೆ, ಮೂತ್ರಪಿಂಡ ಪ್ರೋಟೀನನ್ನು ಸೋರಿಸುತ್ತದೆ, ಮೈ ಊದುತ್ತದೆ. ಸಾಮಾನ್ಯವಾಗಿ 20 ವಾರ ಕಳೆದ ಮೇಲೆ ಕಾಣುವ ಇದಕ್ಕೆ ಪ್ರೀಎಕ್ಲಾಂಪ್ಸಿಯಾ ಎಂದು ಹೆಸರು. ಮೆದುಳಿಗೆ ತಟ್ಟಿ ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಥಟ್ಟನೆ ಹೊಳೆಯುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರದು. ಮಿಂಚಿನಂತೆ ಬಂದೆರಗುತ್ತದೆ. ಯಾರ ಪಾಪವೂ ಅಲ್ಲ, ಯಾರ ಕಣ್ಣೂ ಅಲ್ಲ.

ಆ ಬೆಂಚಿನ ಮೇಲೆ ನಾನು ಅತ್ತೆ. ಅಕ್ಕನಿಗಾಗಿ ಅತ್ತೆನೋ, ಹಿಂದಿನ ದಿನ ಮಗಳಿಗೆ ಹೇಳಿದ ಕಾಫಿಯ ಮಾತಿಗೆ ಅತ್ತೆನೋ ತಿಳಿಯದು. ಸಿಸ್ಟರ್ ಅವಸರ ಮಾಡಲಿಲ್ಲ.

ಹುಟ್ಟಿದ ಮೇಲೂ ಮುಗಿಯದ ಲೆಕ್ಕ

ಮಗಳಿಗೆ ಆಗ 33 ವಾರ ತುಂಬಿತ್ತು. ಈ ಕಾಯಿಲೆ ಬಿಡಬೇಕಾದರೆ ಮಾಸು ಹೊರಗೆ ಬರಬೇಕು, ಅಂದರೆ ಹೆರಿಗೆಯಾಗಬೇಕು. ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಚುಚ್ಚುಮದ್ದು ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ಆಪರೇಷನ್ ಮಾಡಿದರು. 1 ಕಿಲೋ 800 ಗ್ರಾಂ ತೂಕದ ಪುಟ್ಟಿ ಬಂದಳು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕೆಲವು ದಿನ ಮಕ್ಕಳ ನಿಗಾ ಘಟಕದಲ್ಲಿದ್ದಳು. ಆಮೇಲೆ ಕಾಂಗರೂ ಮರಿಯ ಹಾಗೆ ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿ ಬೆಚ್ಚಗಿಟ್ಟರು.

ನಾನು ಸಿಹಿ ಹಂಚಲು ಹೊರಟೆ. ಸಿಸ್ಟರ್ ತಡೆದರು. "ಲೆಡ್ಜರ್ ಇನ್ನೂ ಕ್ಲೋಸ್ ಆಗಿಲ್ಲ. ಹೆರಿಗೆ ಆದ ಮೇಲೂ ಫಿಟ್ಸ್ ಬರಬಹುದು" ಎಂದರು. ಫಿಟ್ಸ್ ತಡೆಯುವ ಮದ್ದು ಹೆರಿಗೆಯಾಗಿ 24 ಗಂಟೆಯವರೆಗೂ ನಡೆಯಿತು. ಬಾಣಂತಿಯ ಒತ್ತಡ ಮೂರರಿಂದ ಆರನೆಯ ದಿನದೊಳಗೆ ಮತ್ತೆ ಏರುವುದುಂಟು. ಅಷ್ಟರಲ್ಲಿ ಎಷ್ಟೋ ಮಂದಿ ಮನೆ ಸೇರಿರುತ್ತಾರೆ, ತಲೆನೋವು ಬಂದರೆ ನಿದ್ದೆಗೇಡು ಎಂದುಕೊಳ್ಳುತ್ತಾರೆ.

ಬಿಡುಗಡೆಯ ದಿನ ಅವರು ನನಗೊಂದು ಕೆಲಸ ಕೊಟ್ಟರು: "ದಿನಕ್ಕೆ ಎರಡು ಸಲ ಒತ್ತಡ ಅಳೆದು ಬರೀರಿ. ಗುಮಾಸ್ತರಿಗಿಂತ ಚೆನ್ನಾಗಿ ಇನ್ಯಾರು ಬರೀತಾರೆ?" ಯಂತ್ರ ಕೊಂಡು ತಂದೆ. ಅಳೆಯುವ ಕ್ರಮವನ್ನೂ ಅವರೇ ಕಲಿಸಿದರು. ಮೂತ್ರಕ್ಕೆ ಹೋಗಿ ಬಂದು, ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಇರಬಾರದು. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟಬಾರದು, ತೋಳಿನ ಗಾತ್ರಕ್ಕೆ ಅದು ಹೊಂದಬೇಕು. ಅಳೆಯುವಾಗ ಮಾತು ಬೇಡ. ಐದನೆಯ ದಿನ ಕಂಡ 150/98 ಡೈರಿಯಲ್ಲಿ ಇನ್ನೂ ಕೆಂಪು ಶಾಯಿಯಲ್ಲಿದೆ. ಅವತ್ತೇ ಕರೆದುಕೊಂಡು ಹೋದೆವು, ಡಾಕ್ಟರು ಮಾತ್ರೆ ಹೆಚ್ಚಿಸಿದರು. ಆರನೆಯ ವಾರದ ಕೊನೆಯ ಸಾಲು: 118/76.

ಅಜ್ಜ ಅಜ್ಜಿಯರಿಗೆ ನಾಲ್ಕು ಮಾತು

ತಲೆನೋವು ತೀವ್ರವಾಗಿ ಬಿಡದೆ ಇದ್ದರೆ, ಕಣ್ಣು ಮಂಜಾದರೆ, ಮುಖ ಕೈ ಊದಿದರೆ, ಹೊಟ್ಟೆಯ ಮೇಲ್ಭಾಗ ನೋವಾದರೆ, ಉಸಿರು ಕಟ್ಟಿದಂತಾದರೆ, ಮೂತ್ರ ಕಡಿಮೆಯಾದರೆ, ಮಗುವಿನ ಆಟ ತಗ್ಗಿದರೆ, "ನಾವೂ ಹೆತ್ತಿಲ್ಲವೇ" ಎನ್ನಬೇಡಿ. ಅಂದೇ ತೋರಿಸಿ.

ಬಸುರಿಗೆ ಉಪ್ಪು ಪೂರ್ತಿ ಬಿಡಿಸುವುದು, ನೀರು ಕಡಿಮೆ ಕೊಡುವುದು ಇದಕ್ಕೆ ಮದ್ದಲ್ಲ. ಎಂದಿನ ಹದವಾದ ಊಟ ಇರಲಿ. ಒತ್ತಡ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ಮನೆಯಲ್ಲಿರುವ ನಿಮ್ಮ ಬಿ.ಪಿ. ಮಾತ್ರೆಯನ್ನು ಅವಳಿಗೆ ಕೊಡಲೇಬೇಡಿ. ನಮಗೆ ಕೊಡುವ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಕೇಡು.

ಫಿಟ್ಸ್ ಬಂದರೆ ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣ ಬೇಡ. ಎಡಮಗ್ಗುಲಿಗೆ ಹೊರಳಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಎಂದು 2016ರಲ್ಲಿ ಶುರುವಾದದ್ದು. ಒಮ್ಮೆ ಹೀಗಾದವರು ಮುಂದಿನ ಬಸುರಿಯ ಆರಂಭದಲ್ಲೇ ಡಾಕ್ಟರಿಗೆ ಹೇಳಬೇಕು. ತಡೆಗಟ್ಟಲು ಕೆಲವರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ಅವರಿಗೆ ವಯಸ್ಸಾದ ಮೇಲೆ ರಕ್ತದೊತ್ತಡ, ಹೃದಯದ ತೊಂದರೆ ಬರುವ ಸಂಭವವೂ ಹೆಚ್ಚು. ನನ್ನ ಮಗಳು ವರ್ಷಕ್ಕೊಮ್ಮೆ ತಪ್ಪದೆ ತೋರಿಸಿಕೊಳ್ಳುತ್ತಾಳೆ.

ಮಕ್ಕಳೇ, ನಿಮಗೂ ಕೆಲಸವಿದೆ. ಮನೆಯಲ್ಲಿ ಅತ್ತೆಯೋ ಚಿಕ್ಕಮ್ಮನೋ ಬಸುರಿಯಾಗಿದ್ದರೆ "ಮಾತ್ರೆ ತಗೊಂಡ್ರಾ?" ಎಂದು ನೆನಪಿಸಿ. ಅವರು ತಲೆನೋವು ಎಂದರೆ ದೊಡ್ಡವರಿಗೆ ಹೇಳಿ. ದೊಡ್ಡವರು ಕಾಫಿ ಕುಡಿ ಎಂದರೆ, ಇನ್ನೊಮ್ಮೆ ಹೇಳಿ.

ಕಥೆ ಮುಗಿದ ಮೇಲೆ ಪುಟ್ಟಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿನ್ನ ಅಕ್ಕನ ಹೆಸರೇನು ತಾತ?" ಎಂದಳು.

"ನಿನ್ನ ಹೆಸರೇ. ಶಾಲೆಯಲ್ಲಿ ಕೂಗ್ತಾರಲ್ಲ, ಅದೇ" ಎಂದೆ.

ಅವಳು ಎದ್ದು ಹೋಗಿ ಅದೇ ಹಳೆಯ ಯಂತ್ರ ತಂದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ತೋಳಿಗೆ ಪಟ್ಟಿ ಸುತ್ತಿದಳು. ನಾನು ಏನೋ ಹೇಳಲು ಹೋದೆ.

"ಶ್! ಅಳೆಯುವಾಗ ಮಾತಾಡಬಾರದು" ಎಂದಳು.

136/82. ಡೈರಿಯ ಖಾಲಿ ಹಾಳೆಯಲ್ಲಿ ತಾರೀಕು ಹಾಕಿ, ಗೆರೆ ಎಳೆದು, ಅವಳೇ ಬರೆದಳು.